ಬಸರಿಹಳ್ಳ ದಾಟಿದ ಚುಕ್ಕೆಸಾಲು

ಹೀರಾನಾಯ್ಕ ತಾಂಡಾ, ಚಿಗಳ್ಳಿ ಹತ್ತಿರ
೯ ಜೂನ್ ೨೦೦೯

ದೋಸ್ತ ರಾಜೇಸಾಬನಿಗೆ ಭೀಮಸಿಂಗನ ರಾಮ್ ರಾಮ್.

ನಿನ್ನ ರದ್ದಿ ಅಂಗಡಿ ಇನ್ನೂ ನಿಂತಿದೆಯೋ, ಇಲ್ಲಾ ಅದನ್ನೂ ತಕ್ಕಡಿಗೆ ಹಾಕಿಬಿಟ್ಟೆಯೋ? ಎರಡು ವರ್ಷವಾಯಿತು, ನಿನ್ನಿಂದ ಒಂದು ಸುದ್ದಿಯಿಲ್ಲ. ದಾಂಡೇಲಿಯ ಬಿದಿರು ಡಿಪೋದಲ್ಲಿ ಹದಿನಾಲ್ಕು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವರು ನಾವು. ಫೋನ್ ಮಾಡೋಣವೆಂದರೆ ನಮ್ಮಲ್ಲಿ ರೇಂಜ್ ಸಿಗುವುದು ಹುಣಸೆಮರ ಹತ್ತಿದವರಿಗೆ ಮಾತ್ರ. ಈ ಅರವತ್ತರಲ್ಲಿ ನನ್ನಿಂದ ಅದು ಆಗುವ ಮಾತಲ್ಲ.

ಈಗ ಕೆಲಸದ ಮಾತು. ನಮ್ಮ ತಾಂಡಾದ ಅರಣ್ಯ ಹಕ್ಕು ಸಮಿತಿಗೆ ನನ್ನನ್ನು ಅಧ್ಯಕ್ಷ ಮಾಡಿದ್ದಾರೆ. ನಗಬೇಡ. ಇಪ್ಪತ್ತೆರಡು ಮನೆ, ಮನೆಗೆ ಎರಡು ಮೂರು ಎಕರೆ ಹೊಲ, ಎಲ್ಲ ಅರಣ್ಯದ ಲೆಕ್ಕದಲ್ಲಿದೆ. ಹಕ್ಕುಪತ್ರ ಬೇಕಾದರೆ ಎಪ್ಪತ್ತೈದು ವರ್ಷದಿಂದ ಇಲ್ಲೇ ಇದ್ದೇವೆ ಎಂಬುದಕ್ಕೆ ಸಾಕ್ಷಿ ಕೊಡಬೇಕಂತೆ. ವಿಚಾರಣೆಗೆ ಬರುವ ಸಾಹೇಬರು ನನ್ನ ಕೇಳಿದರು: "ಬಾಯಿ ಮಾತು ಎಲ್ಲಾರೂ ಹೇಳ್ತಾರ. ಕಾಗದ ಏನೈತಿ ತೋರ್ಸು." ನನ್ನ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಇರುವುದು ಎಂಬತ್ತು ದಾಟಿದ ನಮ್ಮವ್ವ ಪ್ರೇಮಾಬಾಯಿ. ಅವಳನ್ನು ಕೇಳಿದರೆ, "ನಾ ಲಗ್ನಾಗಿ ಬಂದಾಗ ತಾಂಡಾ ಇಲ್ಲೇ ಇತ್ತು" ಎನ್ನುತ್ತಾಳೆ, ಅಷ್ಟೇ. ಅದರ ಹಿಂದಿನದು ಕೇಳಿದರೆ ಕಿವಿ ಕೇಳಿಸದವರ ಹಾಗೆ ಮಾಡುತ್ತಾಳೆ.

ನಿನ್ನ ಅಂಗಡಿಯಲ್ಲಿ ತಕ್ಕಡಿಯ ಹಿಂದಿನ ಗೋಡೆಗೆ ಒಂದು ಬಟ್ಟೆ ಹಚ್ಚಿದ ನಕಾಶೆ ತೂಗುಬಿಟ್ಟಿದ್ದೆಯಲ್ಲ? "ಇದರಾಗ ನಿಮ್ಮ ಹಳ್ಳ ಐತಿ ನೋಡು" ಎಂದು ಒಮ್ಮೆ ತೋರಿಸಿದ್ದೆ. ಆಗ ನಾನು ಚಹಾದ ಕಡೆಗೆ ನೋಡಿದೆ, ನಕಾಶೆಯನ್ನು ನೋಡಲಿಲ್ಲ. ಅದು ಇದ್ದರೆ ಹುಡುಕು. ಬಿತ್ತನೆ ಬಿಟ್ಟು ನಾನು ಬರಲಾರೆ. ಇದು ತಪ್ಪಿದರೆ ನಾವು ಇಪ್ಪತ್ತೆರಡು ಮನೆಯವರು ನಮ್ಮದೇ ಅಂಗಳದಲ್ಲಿ ಕಳ್ಳರಾಗುತ್ತೇವೆ.

ನಿನ್ನ ಭೀಮಸಿಂಗ

*

ದಾಂಡೇಲಿ
೨೦ ಜೂನ್ ೨೦೦೯

ಅಧ್ಯಕ್ಷ ಸಾಹೇಬರಿಗೆ ರಾಜೇಸಾಬನ ಸಲಾಂ.

ನಕಾಶೆ ಇದೆ. ಅಂಗಡಿಯೂ ಇದೆ. ಅಕ್ಷರ ಇಷ್ಟು ದುಂಡಗಿದೆಯಲ್ಲ ಎಂದು ಹುಬ್ಬೇರಿಸಬೇಡ, ಬರೆಯುತ್ತಿರುವವಳು ನನ್ನ ಮಗಳು ಮಹೆಜಬೀನ. ನನ್ನ ಕೈಗೆ ತಗಡು ಕುಯ್ದು ಪಟ್ಟಿ ಕಟ್ಟಿದ್ದಾರೆ.

ಆ ನಕಾಶೆಯ ಕಥೆ ನಿನಗೆ ಗೊತ್ತಿಲ್ಲ. ಯಾವುದೋ ಬಂಗಲೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ರದ್ದಿ ಬಂತು. ಗಿರಣಿಯಲ್ಲಿ ಕಾಗದ ಅರೆಯುವವರು ಇದೊಂದನ್ನು ಮಾತ್ರ ಹೊರಗೆ ಒಗೆದರು. ಹಿಂದೆ ಬಟ್ಟೆ ಅಂಟಿಸಿದ್ದು ನೀರಿನಲ್ಲಿ ಕರಗುವುದಿಲ್ಲ, ಅವರಿಗೆ ಬೇಡ. ನಾನು ಗೋಡೆಗೆ ಹಾಕಿದೆ. ಗಿರಾಕಿ ಬರದ ಮಧ್ಯಾಹ್ನಗಳಲ್ಲಿ ಹನ್ನೊಂದು ವರ್ಷ ಅದನ್ನೇ ನೋಡುತ್ತ ಕೂತಿದ್ದೇನೆ. ಹಳ್ಳಗಳೆಲ್ಲ ನೀಲಿ ಗೆರೆ, ಕಾಡು ಹಸಿರು, ಮನೆಗಳು ಕರಿ ಚೌಕ.

ಮಹೆಜಬೀನ ಇಂಗ್ಲಿಷ್ ಅಕ್ಷರ ಓದಿ ಹೇಳಿದಳು. ಬಸರಿಹಳ್ಳ ಇದೆ. ಅದರ ದಂಡೆಗೆ ಹೀರಾನಾಯ್ಕ ತಾಂಡಾ ಎಂದು ಹೆಸರೂ ಇದೆ! ಸರ್ವೇ ಮಾಡಿದ್ದು ೧೯೨೪ರಲ್ಲಿ, ಅಚ್ಚಾದದ್ದು ೧೯೨೭ರಲ್ಲಿ. ಎಪ್ಪತ್ತೈದು ಕೇಳಿದರಲ್ಲ, ಎಂಬತ್ತೈದು ಕೊಡು ಅವರಿಗೆ. ನಾಳೆ ರಿಜಿಸ್ಟರ್ ಪೋಸ್ಟ್ ಮಾಡಿಸುತ್ತೇನೆ. ನೀನು ಬರಬೇಡ, ಮನೆಗೆ ಸುಣ್ಣ ಹಚ್ಚುತ್ತಿದ್ದಾರೆ, ಕೂರಲು ಜಾಗವಿಲ್ಲ. ಅವ್ವಗೆ ನನ್ನ ಸಲಾಂ ಹೇಳು.

ರಾಜೇಸಾಬ

*

ಹೀರಾನಾಯ್ಕ ತಾಂಡಾ
೨೭ ಜೂನ್ ೨೦೦೯

ರಾಜೇಸಾಬಾ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು!

ನಿನ್ನ ಕಾಗದ ಕೂಟದಲ್ಲಿ ಎರಡು ಸಲ ಓದಿಸಿದೆ. ಹೆಂಗಸರು ಹಾಡು ಹೇಳಿದರು. ನಮ್ಮ ಮುತ್ತಜ್ಜ ಹೀರಾನಾಯ್ಕನ ಹೆಸರು ಸರಕಾರದ ನಕಾಶೆಯಲ್ಲಿದೆ ಎಂದು ನಾನು ಸಾಹೇಬರಿಗೂ ಹೇಳಿಬಿಟ್ಟೆ. ಜುಲೈ ಮೂವತ್ತಕ್ಕೆ ವಿಚಾರಣೆ. ಅವ್ವ ಮಾತ್ರ ಒಳಗೆ ಹೋಗಿ ಕೂತಳು. ವಯಸ್ಸಾಯಿತು, ಸಂತೋಷವಾದರೂ ಆಯಾಸವಾಗುತ್ತದೆ ಎಂದುಕೊಂಡೆ.

ನಕಾಶೆ ಇನ್ನೂ ಬಂದಿಲ್ಲ. ಪೋಸ್ಟಿನವನನ್ನು ದಿನಾ ಕಾಯುತ್ತೇನೆ.

ಭೀಮಸಿಂಗ

*

ಹೀರಾನಾಯ್ಕ ತಾಂಡಾ
೬ ಜುಲೈ ೨೦೦೯

ರಾಜೇಸಾಬಾ,

ನಕಾಶೆ ಬಂತು. ಬಂದ ಮೇಲೆ ನನಗೆ ಏನೂ ತಿಳಿಯದಂತಾಗಿದೆ. ಇದನ್ನು ಕಳಿಸುವ ಮೊದಲು ನೀನು ಒಂದು ಸಲವಾದರೂ ನೋಡಿದೆಯಾ?

ತಾಂಡಾ ಹಳ್ಳದ ಆಚೆ ಇದೆ! ನಾವಿರುವುದು ಮೂಡಣ ದಂಡೆಗೆ. ನಕಾಶೆಯಲ್ಲಿ ಹೆಸರಿರುವುದು ಪಡುವಣ ದಂಡೆಗೆ, ಈಗ ಸಾಗುವಾನಿ ನೆಡುತೋಪು ಇರುವ ಕಡೆ. ಅದೂ ಇಪ್ಪತ್ತೆರಡು ಮನೆ ಅಲ್ಲ, ಹತ್ತೂ ಅಲ್ಲ. ಒಂದೇ ಒಂದು ಕರಿ ಚೌಕ, ಜೋಳದ ಕಾಳಿನಷ್ಟು. ನಮ್ಮ ಕಡೆ ಬರೀ ಹಸಿರು. ಒಂದು ನರಪಿಳ್ಳೆಯೂ ಇದ್ದಂತಿಲ್ಲ.

ತಲೆಕೆಳಗಾಗಿ ಹಿಡಿದಿದ್ದೇನೆಂದು ತಿರುಗಿಸಿ ನೋಡಿದೆ. ಶಾಲೆಯ ಅಡಿವೆಯ್ಯ ಮಾಸ್ತರರನ್ನು ಕರೆಸಿದೆ. ಅವರು ಗುಡ್ಡ ತಾಳೆ ಹಾಕಿದರು, ಹಳ್ಳದ ಡೊಂಕು ತಾಳೆ ಹಾಕಿದರು, ಎಲ್ಲ ಸರಿಯಾಗಿದೆ. ಸರಿಯಿಲ್ಲದ್ದು ನಾವೇ. ಮಾಸ್ತರರು ಕನ್ನಡಕ ತೆಗೆದು, "ಭೀಮಸಿಂಗ, ಇದನ್ನ ಕೊಟ್ಟರ ನೀವು ಇಲ್ಲಿ ಇರಲಿಲ್ಲ ಅಂತ ನೀವ ಸಾಕ್ಷಿ ಕೊಟ್ಟಂಗ ಆಗ್ತೈತಿ" ಅಂದರು. 

ಅವ್ವನ ಮುಂದೆ ಬಿಚ್ಚಿದೆ. ಅವಳು ನಕಾಶೆಯ ಮೇಲೆ ಕಣ್ಣನ್ನೂ ಹಾಯಿಸದೆ ಮೊರ ತೆಗೆದುಕೊಂಡು ಅಕ್ಕಿಯ ಕಲ್ಲು ಆರಿಸಲು ಕೂತಳು. ಅದು ನೆರೆಮನೆಯ ಮಾಲವ್ವ ಬೆಳಿಗ್ಗೆಯೇ ಆರಿಸಿಕೊಟ್ಟ ಅಕ್ಕಿ.

ಯಾವ ದಂಡೆ ಎಂದು ಮೊದಲೇ ಬರೆಯಲು ನಿನಗೇನು ಧಾಡಿಯಾಗಿತ್ತು? ನಾನು ಊರೆಲ್ಲ ಡಂಗುರ ಹೊಡೆದಿದ್ದೇನೆ. ಬೇರೆ ನಕಾಶೆ ಇದೆಯಾ? ತಕ್ಷಣ ಬರಿ.

ಭೀಮಸಿಂಗ

*

ದಾಂಡೇಲಿ
೧೩ ಜುಲೈ ೨೦೦೯

ಭೀಮಸಿಂಗಾ,

ಸಿಟ್ಟನ್ನು ಪೋಸ್ಟಿಗೆ ಹಾಕಿದರೆ ಹೆಚ್ಚಿನ ಟಿಕೀಟು ಹಚ್ಚಬೇಕಾಗುತ್ತದೆ, ನೆನಪಿರಲಿ.

ಬೇರೆ ನಕಾಶೆ ಇಲ್ಲ. ದಂಡೆಯ ಕಡೆ ನನ್ನ ಲಕ್ಷ್ಯ ಹೋಗಲಿಲ್ಲ. ಹೆಸರು ಸಿಕ್ಕಿತೆಂದು ಖುಷಿಯಾಗಿ ಕಳಿಸಿದೆ. ಆದರೆ ನನಗೊಂದು ಹೊಳೆದಿದೆ. ಹಳ್ಳವೇ ದಿಕ್ಕು ಬದಲಿಸಿರಬೇಕು! ಮಹಾಪೂರ ಬಂದರೆ ಹಳ್ಳ ಹಳೇ ದಾರಿ ಬಿಟ್ಟು ಹೊಸ ದಾರಿ ಹಿಡಿಯುತ್ತದೆ. ಮೊದಲು ನಿಮ್ಮ ಮೂಡಣಕ್ಕೆ ಹರಿಯುತ್ತಿದ್ದದ್ದು ಆಮೇಲೆ ನಿಮ್ಮ ಬೆನ್ನ ಹಿಂದೆ ಬಂತು. ನೀವು ಕೂತಲ್ಲೇ ಕೂತಿದ್ದೀರಿ, ಓಡಾಡಿದ್ದು ನೀರು. ಸಾಹೇಬರಿಗೆ ಹಾಗೆ ಹೇಳು.

ಇಲ್ಲವಾದರೆ ಸರ್ವೇದವನು ಕುಡಿದಿದ್ದ ಎನ್ನು. ನಾನು ಮತ್ತೇನು ಹೇಳಲಿ, ನಕಾಶೆ ನನ್ನ ಕೈಯಿಂದ ಬರೆದದ್ದಲ್ಲ.

ರಾಜೇಸಾಬ

*

ದಾಂಡೇಲಿ
೨೯ ಜುಲೈ ೨೦೦೯

ಭೀಮಸಿಂಗ,

ಹದಿನಾರು ದಿನ ನಿನ್ನ ಉತ್ತರ ಕಾದೆ. ಉತ್ತರ ಬೇರೆ ದಾರಿಯಿಂದ ಬಂತು.

ಮಹೆಜಬೀನ ನೆಂಟರ ಮದುವೆಗೆಂದು ಮುಂಡಗೋಡಕ್ಕೆ ಹೋಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮಾಲವ್ವ ಸಿಕ್ಕಳಂತೆ. ಇವಳು ಯಾರ ಮಗಳೆಂದು ಗೊತ್ತಾದದ್ದೇ ತಡ, ಹತ್ತು ಜನರ ಮುಂದೆ ಬಯ್ದಳಂತೆ: "ನಿಮ್ಮಪ್ಪ ನಕಾಶಿ ಕೊಡ್ತೇನಿ ಅಂತ ಆಸೆ ತೋರ್ಸಿ ಕೊಡಲಿಲ್ಲ. ನಮ್ಮ ಇಪ್ಪತ್ತೆರಡು ಮನಿ ಹಾಳ ಮಾಡಿದ." ಕಳಿಸಲೇ ಇಲ್ಲ ಎಂದು ನೀನು ತಾಂಡಾದಲ್ಲಿ ಹೇಳಿದ್ದೀಯಂತೆ. ನೀನು ಸಹಿ ಮಾಡಿದ ಪೋಸ್ಟಿನ ಚೀಟಿ ನನ್ನ ಜೇಬಿನಲ್ಲಿದೆ, ಭೀಮಸಿಂಗ. ಮಗಳು ಅಳುತ್ತ ಬಂದಳು. ನನಗೆ ಬಹಳ ನೋವಾಗಿದೆ. ಬಿದಿರು ಹೊರೆ ಜಾರಿ ಬಿದ್ದ ದಿನ ನಿನ್ನನ್ನು ಎಳೆದು ಆಚೆ ಹಾಕಿದವನು ನಾನು. ಅವತ್ತೂ ನೀನು ಸುಳ್ಳು ಹೇಳಬಹುದಿತ್ತಲ್ಲ, ನಾನಾಗಿ ಎದ್ದೆ ಎಂದು.

ಇರಲಿ. ಸುಳ್ಳು ನಾನೂ ಹೇಳಿದ್ದೇನೆ. ಕೈಗೆ ಗಾಯವಾಗಿಲ್ಲ. ಮನೆಗೆ ಸುಣ್ಣವೂ ಹಚ್ಚಿಲ್ಲ. ಸಕ್ಕರೆ ಕಾಯಿಲೆ ನನ್ನ ಎರಡೂ ಕಣ್ಣು ತಿಂದಿತು, ಎರಡು ವರ್ಷವಾಯಿತು. ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಕಣ್ಣಿಲ್ಲದವನ ತಕ್ಕಡಿಯನ್ನು ಯಾರು ನಂಬುತ್ತಾರೆ? ಅದಕ್ಕೆ ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಯಾವ ದಂಡೆ ಎಂದು ನಾನು ಬರೆಯದಿದ್ದುದಕ್ಕೆ ಕಾರಣ ಇಷ್ಟೇ. ಮಹೆಜಬೀನ ಹೆಸರು ಹುಡುಕಿದಳು, ಅದರಾಚೆಗೆ ಅವಳಿಗೆ ಗೊತ್ತಿಲ್ಲ.

ಆದರೆ ಕಣ್ಣಿದ್ದಾಗ ನೋಡಿದ್ದು ತಲೆಯಲ್ಲಿ ಹಾಗೇ ಇದೆ. ಈ ಎರಡು ವಾರ ಅದನ್ನೇ ನೆನೆಯುತ್ತ ಮಲಗಿದ್ದೆ. ಬಸರಿಹಳ್ಳದ ಡೊಂಕಿನ ಹತ್ತಿರ ಬಹಳ ಸಣ್ಣ ಚುಕ್ಕೆಗಳ ಸಾಲು ಒಂದಿದೆ, ಇರುವೆ ಹೊರಟ ಹಾಗೆ. ಕಾಲುದಾರಿಯನ್ನು ಅವರು ಹಾಗೆ ಬರೆಯುತ್ತಾರೆ. ಅದು ಆ ಒಂದೇ ಚೌಕದಿಂದ ಹೊರಟು ಹಳ್ಳ ದಾಟಿ ಹಸಿರಿನೊಳಗೆ ಹೋಗಿ ನಿಂತುಬಿಡುತ್ತದೆ. ಅಲ್ಲಿ ಮನೆಯಿಲ್ಲ, ಊರಿಲ್ಲ. ಈ ಇರುವೆಗಳು ಏನಿಲ್ಲದ ಕಡೆಗೆ ಯಾಕೆ ಹೊರಟಿವೆ ಎಂದು ಆಗಲೇ ಎಷ್ಟೋ ಸಲ ಅನಿಸಿತ್ತು. ನಿನಗೆ ಕಣ್ಣಿದೆ. ನೋಡು.

ನಾಳೆ ನಿನ್ನ ವಿಚಾರಣೆ. ಈ ಕಾಗದ ತಡವಾಗಿಯೇ ಮುಟ್ಟುತ್ತದೆ.

ರಾಜೇಸಾಬ

*

ಹೀರಾನಾಯ್ಕ ತಾಂಡಾ
೫ ಆಗಸ್ಟ್ ೨೦೦೯

ರಾಜೇಸಾಬಾ,

ಯಾವ ಮುಖ ಇಟ್ಟುಕೊಂಡು ಬರೆಯಲಿ? ಹೌದು, ಹೇಳಿದೆ. ನಕಾಶೆಯನ್ನು ಜೋಳದ ಕಣಜದ ಹಿಂದೆ ಬಚ್ಚಿಟ್ಟೆ. ಜನ ಕೇಳಿದಾಗ ದಾಂಡೇಲಿಯಿಂದ ಬಂದೇ ಇಲ್ಲ ಅಂದೆ. ತಪ್ಪು ನನ್ನ ಮೇಲೆ ಬಾರದಿರಲಿ ಎಂದು ನಿನ್ನ ಮೇಲೆ ಹೊರಿಸಿದೆ. ನಿನ್ನ ಕಣ್ಣಿನ ಸುದ್ದಿ ಓದಿ ಹಿತ್ತಲಿಗೆ ಹೋಗಿ ಅತ್ತೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮೂವತ್ತನೇ ತಾರೀಕು ಮಳೆ ಹೊಡೆದು ರಸ್ತೆ ಮುಚ್ಚಿತು, ಸಾಹೇಬರು ಬರಲಿಲ್ಲ. ವಿಚಾರಣೆ ಇಪ್ಪತ್ತಕ್ಕೆ ಹೋಗಿದೆ.

ಚುಕ್ಕೆಗಳನ್ನು ನೋಡಿದೆ. ಇವೆ. ನೀನು ಹೇಳಿದ ಹಾಗೇ ಇವೆ. ಅವು ಹಸಿರಿನಲ್ಲಿ ಬಂದು ನಿಲ್ಲುವ ಜಾಗವನ್ನು ಅಡಿವೆಯ್ಯ ಮಾಸ್ತರರು ಸ್ಕೇಲ್ ಇಟ್ಟು ಅಳೆದರು. ನಮ್ಮ ಮನೆಯ ಬಾಗಿಲು ಅದು!

ಅವ್ವನ ಕೈಯಿಂದ ಮೊರ ಕಿತ್ತಿಟ್ಟು ಅವಳ ಬೆರಳನ್ನು ಚುಕ್ಕೆಗಳ ಮೇಲೆ ಇಟ್ಟೆ. "ಅವ್ವಾ, ಈ ದಾರಿ ಯಾರ್ದು?" ಅಂದೆ.  ಅವಳು ಬೆರಳು ತೆಗೆಯದೆ ನಮ್ಮ ಲಂಬಾಣಿ ಮಾತಿನಲ್ಲಿ ಹೇಳಿದಳು. ನಿನಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

ಹೀರಾನಾಯ್ಕನ ಕಾಲಕ್ಕೆ ತಾಂಡಾ ಆಚೆಯ ದಂಡೆಯಲ್ಲೇ ಇತ್ತಂತೆ. ಅಲ್ಲಿ ಸಿಡುಬು ಬಂತು. ಬೇನೆ ಬಂದ ಜಾಗ ಬಿಟ್ಟು ಹರಿಯುವ ನೀರು ದಾಟಬೇಕು, ದಾಟಿದ ಮೇಲೆ ಆ ಜಾಗದ ಮಾತು ಎತ್ತಬಾರದು, ಅದು ನಮ್ಮವರ ಕಟ್ಟಳೆ. ತಾಂಡಾ ಎದ್ದರೆ ಹೆಸರೂ ಅದರ ಜೊತೆ ಎದ್ದು ಬರುತ್ತದೆ. ಈಚೆಗೆ ಬಂದು ಇದನ್ನೇ ಹೀರಾನಾಯ್ಕ ತಾಂಡಾ ಎಂದರು. ಆದರೆ ಎಲ್ಲರೂ ದಾಟಲಿಲ್ಲ. ನಾಯ್ಕನ ಮಗಳು ದುರ್ಗಾಗೆ ಮೈತುಂಬ ಎದ್ದಿತ್ತು. ಹದಿನಾಲ್ಕು ವರ್ಷದವಳು. "ಆಕಿ ಹೆಂಗೂ ಉಳಿಯೂದಿಲ್ಲ" ಎಂದು ನಾಯ್ಕ ಅವಳನ್ನು ಗುಡಿಸಲಲ್ಲಿ ಬಿಟ್ಟು ತಾಂಡಾ ದಾಟಿಸಿದ.

ಅವಳು ಉಳಿದಳು, ರಾಜೇಸಾಬಾ. ಕಣ್ಣು ಎರಡೂ ಹೋದವು, ಜೀವ ಉಳಿಯಿತು. ಬಿಟ್ಟು ಬಂದವಳನ್ನು ಮತ್ತೆ ಕರೆತಂದರೆ ಬೇನೆ ಹಿಂದೆ ಬರುತ್ತದೆ ಎಂದು ನಾಯ್ಕ ಕರೆಯಗೊಡಲಿಲ್ಲ. ನಾಯ್ಕನ ಸೊಸೆ ತುಳಜಾ, ಅಂದರೆ ನನ್ನ ಅಜ್ಜಿ, ಮಾವನ ಮಾತು ಮೀರಿ ದಿನಾ ಹಳ್ಳ ದಾಟಿ ನಾದಿನಿಗೆ ರೊಟ್ಟಿ ಒಯ್ದಳಂತೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ದುರ್ಗಾ ಸಾಯುವತನಕ ಒಂಬತ್ತು ವರ್ಷ. ಸರ್ವೇದವರು ಬರುವ ಹೊತ್ತಿಗೆ ಮೂರು ವರ್ಷ ನಡೆದು ದಾರಿ ಬೆಳ್ಳಗೆ ಬಿದ್ದಿತ್ತು.

ಸರ್ವೇದವನು ಬಂದ ದಿನ ನಾಯ್ಕ ಈಚೆ ಯಾರೂ ಒಲೆ ಹಚ್ಚಬಾರದು ಅಂದನಂತೆ. ಸರಕಾರದವರು ಬರೆದುಕೊಂಡರೆ ಬಿಟ್ಟಿ ದುಡಿಮೆಗೆ ಎಳೆಯುತ್ತಾರೆ ಎಂಬ ಹೆದರಿಕೆ. ನಮ್ಮ ಗುಡಿಸಲುಗಳು ಮರದ ಕೆಳಗೆ ಮುಚ್ಚಿಹೋಗಿದ್ದವು. ಗುಡ್ಡದ ಮೇಲೆ ನಿಂತು ಅವನು "ನಿಮ್ಮ ತಾಂಡಾ ಯಾವುದು?" ಎಂದು ಕೇಳಿದ. ಆಚೆಯ ದಂಡೆಯಲ್ಲಿ ಒಂದೇ ಹೊಗೆ ಏಳುತ್ತಿತ್ತು. ದುರ್ಗಾನ ಒಲೆಯದು. ನಾಯ್ಕ ಬೆರಳು ಮಾಡಿ, "ಅದ ನಮ್ಮ ತಾಂಡಾ" ಅಂದ.

ಆ ಕರಿ ಚೌಕ ಅವಳು. ಕುರುಡಿ ಹುಡುಗಿಯೊಬ್ಬಳ ಹಿಂದೆ ನಮ್ಮ ಇಡೀ ತಾಂಡಾ ಅಡಗಿ ಕೂತಿತ್ತು. ಅವ್ವನಿಗೆ ಅವಳ ಅತ್ತೆ ತುಳಜಾ ಇದನ್ನು ಹೇಳಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳಂತೆ.

ನನಗೆ ಏನು ಮಾಡಬೇಕೋ ತೋಚದು. ನಾವು ಪ್ರತಿವರ್ಷ ಪೂಜೆ ಮಾಡುವುದು ಆ ನಾಯ್ಕನಿಗೆ. ಅವನ ಸುಳ್ಳನ್ನು ಬಯಲು ಮಾಡದಿದ್ದರೆ ಮನೆ ಹೋಗುತ್ತದೆ. ಮಾಡಿದರೆ ತಾಂಡಾದ ಮುಖ ಹೋಗುತ್ತದೆ.

ಭೀಮಸಿಂಗ

*

ದಾಂಡೇಲಿ
೧೧ ಆಗಸ್ಟ್ ೨೦೦೯

ಭೀಮಸಿಂಗಾ,

ನಿನ್ನ ಕಾಗದ ಓದುತ್ತ ಮಹೆಜಬೀನ ನಡುವೆ ನಿಲ್ಲಿಸಿದಳು. ಮುಂದಿನದು ಓದಲು ಸಂಜೆಯಾಯಿತು.

ಹಳ್ಳ ದಿಕ್ಕು ಬದಲಿಸಿತು ಎಂದು ನಾನು ಬರೆದದ್ದನ್ನು ಹರಿದುಹಾಕು. ನನ್ನ ಬುದ್ಧಿ ಅಷ್ಟೇ. ಸಾಹೇಬರ ಮುಂದೆ ದಾರಿಯನ್ನು ತೋರಿಸು, ಸಾಕು. ಮನೆಯಿಲ್ಲದ ಕಡೆಯಿಂದ ಯಾರೂ ದಿನಾ ಎದ್ದು ನಡೆದು ದಾರಿ ಮಾಡುವುದಿಲ್ಲ. ಆ ಹುಡುಗಿಯ ಹೆಸರು ಎತ್ತಬೇಡ, ಅವಳನ್ನು ಇನ್ನೊಂದು ಸಲ ಮುಂದೆ ನಿಲ್ಲಿಸಿದ ಹಾಗಾಗುತ್ತದೆ. ಹಾಗೆಂದು ನನಗನಿಸುತ್ತದೆ. ಸರಿಯೋ ತಪ್ಪೋ ತಿಳಿಯದು.

ಮಾಲವ್ವನ ಮೇಲೆ ಮಗಳಿಗೆ ಇನ್ನೂ ಸಿಟ್ಟಿದೆ. ನನ್ನದು ಇಳಿದಿದೆ, ಪೂರ್ತಿ ಅಲ್ಲ.

ರಾಜೇಸಾಬ

*

ಹೀರಾನಾಯ್ಕ ತಾಂಡಾ
೨೪ ಆಗಸ್ಟ್ ೨೦೦೯

ದೋಸ್ತ ರಾಜೇಸಾಬನಿಗೆ,

ಇಪ್ಪತ್ತಕ್ಕೆ ಸಾಹೇಬರು ಬಂದರು. ಇಡೀ ತಾಂಡಾ ಕೂಡಿತ್ತು. ನಾನು ಎದ್ದವನೇ ಮೊದಲು ನಿನ್ನ ವಿಷಯ ಹೇಳಿದೆ. "ನಕಾಶಿ ಬಂದು ಒಂದೂವರೆ ತಿಂಗಳಾತು. ಬಚ್ಚಿಟ್ಟಾಂವ ನಾನು. ರಾಜೇಸಾಬ ಕಳಿಸಿದ್ದ. ಅವನಿಗೆ ಬಯ್ದವ್ರೆಲ್ಲಾ ಈಗ ನನಗ ಬಯ್ರಿ." ಬಯ್ದರು. ಮಾಲವ್ವ ಎಲ್ಲರಿಗಿಂತ ಜೋರಾಗಿ ಬಯ್ದಳು. ಮನಸ್ಸು ಹಗುರಾಯಿತು.

ನಕಾಶೆ ಬಿಚ್ಚಿದೆ. ಸಾಹೇಬರು ಬಾಗಿ ನೋಡಿ, "ತಾಂಡಾ ಆಚೆ ಐತಲ್ರೀ" ಅಂದರು. ನಾನು ಚುಕ್ಕೆ ತೋರಿಸಿದೆ. ಅವರು ಕೆಟ್ಟವರಲ್ಲ, ಆದರೆ ಬಿಡುವವರೂ ಅಲ್ಲ. "ಒಂದು ಮನಿಯಿಂದ ಕಾಡಿನೊಳಗ ದಾರಿ. ಕಟಗಿ ತರಾಕ ಹೋಗಿರಬೇಕು. ಇದು ತಾಂಡಾಕ್ಕ ಬಂದ ದಾರಿ ಅಂತ ಹೆಂಗ ಹೇಳ್ತೀರಿ?" ಅಂದರು.  ಹುಡುಗಿಯ ಹೆಸರು ಎತ್ತಬೇಡ ಎಂದು ನೀನು ಹೇಳಿದ್ದು ನೆನಪಾಯಿತು, ಮುತ್ತಜ್ಜನೂ ನೆನಪಾದ.

ಆಗ ಅವ್ವ ಎದ್ದಳು. ಅಷ್ಟು ಜನರ ಮುಂದೆ ಅವಳು ಮಾತಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. "ದಾರಿ ಆಚೆಯಿಂದ ಬಂದದ್ದಲ್ರೀ ಸಾಹೇಬ್ರ, ಈಚೆಯಿಂದ ಹೋದದ್ದು" ಅಂದಳು. "ನಮ್ಮತ್ತಿ ರೊಟ್ಟಿ ಒಯ್ದ ದಾರಿ. ಆಚೆ ಇದ್ದಾಕಿ ದುರ್ಗಾ, ನಮ್ಮ ನಾಯ್ಕನ ಮಗಳು. ನಾವು ಬಿಟ್ಟು ಬಂದಾಕಿ." ಆಣೆ ಮುರಿದು ಎಲ್ಲವನ್ನೂ ಹೇಳಿದಳು.  ನಾವು ಪೂಜೆ ಮಾಡುವ ನಾಯ್ಕನ ಕಟ್ಟೆಯ ಕಡೆಗೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಸಾಹೇಬರು ಪೆನ್ನು ಕೆಳಗಿಟ್ಟರು. "ನಡೀರಿ, ನೋಡೂಣು" ಅಂದರು. ನಮ್ಮ ಬಾಗಿಲಿನಿಂದ ಹೊರಟು ಮೊಣಕಾಲುದ್ದ ನೀರಿನಲ್ಲಿ ಹಳ್ಳ ದಾಟಿ ಸಾಗುವಾನಿಯೊಳಗೆ ಹೋದೆವು. ನಕಾಶೆ ಹಿಡಿದು ಮಾಸ್ತರರು ಮುಂದೆ. ಚೌಕ ಇರುವ ಜಾಗದಲ್ಲಿ ಎಲೆ ಸರಿಸಿದಾಗ ಮೂರು ಒಲೆಗುಂಡು, ಒಂದು ಒಡೆದ ಬೀಸುಕಲ್ಲು. ಆ ಬೀಸುಕಲ್ಲು ಒಬ್ಬಳಿಗಾಗುವಷ್ಟು ಚಿಕ್ಕದಿತ್ತು.

ಸಾಹೇಬರು ಅಲ್ಲೇ ನಿಂತು ಪಂಚನಾಮೆ ಬರೆದರು. ನಕಾಶೆಯ ಕಾಲುದಾರಿ, ಒಲೆಯ ಕಲ್ಲು, ಹಿರಿಯಳ ಹೇಳಿಕೆ, ಮೂರೂ ತಾಳೆಯಾಗಿವೆ ಎಂದು. ಇಪ್ಪತ್ತೆರಡು ಅರ್ಜಿಯೂ ಶಿಫಾರಸಾಗಿ ಮೇಲೆ ಹೋಗಿವೆ. ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ, ಆದರೆ ನಮ್ಮನ್ನು ಇನ್ನು ಯಾರೂ ಇಲ್ಲಿರಲಿಲ್ಲ ಎನ್ನಲಾರರು.

ನಕಾಶೆ ಸಾಹೇಬರ ಕಡತಕ್ಕೆ ಹೋಯಿತು. ಅದು ನಿನ್ನ ಗೋಡೆಯದು, ಖಾಲಿ ಕೈ ಮಾಡಬಾರದು ಎಂದು ಅವ್ವ ಈ ಬಟ್ಟೆ ಕಳಿಸುತ್ತಿದ್ದಾಳೆ. ನಿನಗೆ ಕಣ್ಣಿಲ್ಲ ಎಂದು ಹೇಳಿದ್ದೆ. ನಾಲ್ಕು ದಿನ ಕೂತು ಕಸೂತಿ ಹಾಕಿದ್ದಾಳೆ. ನೋಡಬೇಡ, ಮುಟ್ಟು.

ನಿನ್ನ ಭೀಮಸಿಂಗ

*

ದಾಂಡೇಲಿ
೨ ಸೆಪ್ಟೆಂಬರ್ ೨೦೦೯

ಭೀಮಸಿಂಗಾ,

ಬಟ್ಟೆ ಬಂತು. ಅಂಗಡಿಯ ಬಾಗಿಲು ಎಳೆದು, ತಕ್ಕಡಿ ಸರಿಸಿ, ಮೇಜಿನ ಮೇಲೆ ಹಾಸಿಸಿದೆ.

ದಪ್ಪ ನೂಲಿನ ಡೊಂಕು ಗೆರೆ ಬಸರಿಹಳ್ಳ. ಅದು ಹೇಳದೇ ತಿಳಿಯಿತು. ಈಚೆಗೆ ಕನ್ನಡಿ ಚೂರುಗಳು ತಣ್ಣಗೆ ಬೆರಳಿಗೆ ಸಿಕ್ಕವು. ಒಂದೊಂದೇ ಎಣಿಸಿದೆ, ಇಪ್ಪತ್ತೆರಡು. ಸರ್ವೇದವನು ಬಿಟ್ಟದ್ದನ್ನೆಲ್ಲ ಅವ್ವ ಹಾಕಿದ್ದಾಳೆ. ನಿನ್ನ ಮನೆಯ ಕನ್ನಡಿಯಿಂದ ಸಣ್ಣ ಸಣ್ಣ ಗಂಟಿನ ಸಾಲು ಹೊರಟಿತ್ತು. ನನ್ನ ಇರುವೆಗಳು! ಹಿಡಿದು ಹೋದೆ. ಹಳ್ಳ ದಾಟುವಲ್ಲಿ ಬೆರಳು ಒಮ್ಮೆ ಎಡವಿತು, ಮತ್ತೆ ದಾರಿ ಸಿಕ್ಕಿತು. ಆಚೆಗೆ ಒಂದೇ ಒಂದು ಕನ್ನಡಿ ಇದೆ. ಉಳಿದವುಗಳಿಗಿಂತ ದೊಡ್ಡದು.

ನಾನು ಅಲ್ಲಿ ಬೆರಳು ನಿಲ್ಲಿಸಿದ್ದನ್ನು ನೋಡಿ ಮಹೆಜಬೀನ ಕೇಳಿದಳು: "ಯಾಕ ಅಬ್ಬಾ, ದಾರಿ ತಪ್ಪಿತೇನ?"

"ಇಲ್ಲವ್ವಾ," ಅಂದೆ. "ಮನಿ ಬಂತು."

ರಾಜೇಸಾಬ